ಮಾರಿ ನೋಡಬ್ಯಾಡ

ಒಂಬತ್ತು ತಿಂಗಳ ಮರಿ, ರೈಸ್ ಮಿಲ್ಲಿನ ಚಲಪತಿ ರಾಯರದು.
ಮೈಬಣ್ಣ ಹಣ್ಣಾದ ತೆನಿಯದು, ಅದಕ್ಕ ನವಣಿ ಅಂತ ಕರದೆ.
ರಾಯರು ಇಟ್ಟಿದ್ದ ಇಂಗ್ಲಿಷ್ ಹೆಸರು
ನನ್ನ ನಾಲಿಗಿಗೂ ಒಗ್ಗಲಿಲ್ಲ, ಅದರ ಕಿವಿಗೂ.

ಕಾರಟಗಿ ಕಡೆ ಕಾಲುವಿ ಮ್ಯಾಲ ಗೇಜ್ ನೋಡೂದು ನನ್ನ ನೌಕರಿ.
ಮುಂಜಾನಿ ಆರಕ್ಕೊಮ್ಮೆ, ಸಂಜಿ ಆರಕ್ಕೊಮ್ಮೆ
ನೀರು ಎಷ್ಟು ಅಡಿ, ಎಷ್ಟು ಇಂಚು, ಬರೀಬೇಕು.
ನಡುವಿನ ಹೊತ್ತೆಲ್ಲ ನವಣಿಗೆ ಮೀಸಲು.

ಖಾಸೀಂಬಿ ನನ್ನ ಹಳೇ ಖಾಕಿ ಪ್ಯಾಂಟಿನ ಕಾಲು ಕತ್ತರಿಸಿ
ಭತ್ತದ ಹೊಟ್ಟು ತುಂಬಿ, ದಬ್ಬಳದಿಂದ ಬಾಯಿ ಹೊಲದಳು.
ಅದೇ ನಮ್ಮ ಹಕ್ಕಿ.
"ಮೂವತ್ತು ವರ್ಷ ಈ ಕಾಲು ಎಲ್ಲಿಗೆ ಹೋತಂತ ದಾರಿ ಕಾದೀನಿ,
ಇನ್ನ ನಾಯಿನಾದ್ರೂ ತಂದು ಕೊಡತೈತಿ" ಅಂತ ನಕ್ಕಳು.

ಕೊಯ್ದ ಗದ್ದಿ, ಕೂಳಿ ಇನ್ನೂ ಹಸಿ.
ಮಷಿನ್ನಿನ ಹಿಂದ ಬೆಳ್ಳಕ್ಕಿ ದಂಡು,
ಏಡಿ ತೂತು, ಮುಂಗಲಿ, ಕೆಸರಿನಾಗ ನಾರೂ ಮೀನು,
ಹಕ್ಕಲ ಆಯೂ ಹೆಣ್ಣುಮಕ್ಕಳು ಬದುವಿನ ಮ್ಯಾಲ ಇಟ್ಟ ಬುತ್ತಿ.
ಎಳೇ ಮೂಗಿಗೆ ಲೋಕ ಎಷ್ಟೊಂದು ಐತಿ!
ಮೊದಲ ದಿನ "ತಾ" ಅಂದ್ರ
ಒಂದು ಚಪ್ಪಲಿ ತಂತು, ಹೆಂಗಸರದು, ಎಡಗಾಲಿಂದು.
ಎರಡನೇ ದಿನ
ತಾನೂ ಬರಲಿಲ್ಲ.

ನಾನೂ ಹಟಮಾರಿ. ಕಿಸೆದಾಗ ಸುಟ್ಟ ಕಲೇಜಿ ಇಟಗೊಂಡೆ.
"ನೋಡು. ನನ್ನ ನೋಡು."
ನೋಡಿದ್ರ ಬಾಯಿಗೊಂದು ಚೂರು.
ಬೆಳ್ಳಕ್ಕಿ ಎದ್ದರೂ ನನ್ನ ನೋಡು,
ಟ್ರ್ಯಾಕ್ಟರ್ ಹಾದರೂ ನನ್ನ ನೋಡು.
ನಾಕು ತಿಂಗಳಿಗೆ ಹದಕ್ಕ ಬಂತು.
ಪಟಾಕಿ ಢಮ್ ಅಂದರೂ ಆ ಜೇನಿನಂಥ ಕಣ್ಣು
ನನ್ನ ಮಾರಿ ಬಿಟ್ಟು ಅಲುಗಲಿಲ್ಲ.

ಆ ತುದಿಯಿಂದ ಖಾಸೀಂಬಿ ಕೂಗಿದಳು:
"ಅದು ನಿನ್ನ ನೋಡತೈತಿ, ಚೀಲ ನೋಡವಲ್ದು!"
ಗಾಳಿ ಇತ್ತು, ಕೇಳಿಸಲಿಲ್ಲ ಅಂದೆ.
ಕೇಳಿಸಿತ್ತು.

ಗಂಗಾವತಿ ಆಚೆ ಬಯಲಿನಾಗ ಪಂದ್ಯ. ಹದಿನಾಕು ನಾಯಿ.
ಬದಿಗೇ ಮಂಡಾಳ ಒಗ್ಗರಣಿ, ಮಿರ್ಚಿ ಕರಿಯೂ ಬಾಣಲಿ.
ಹೆಸರಾಂತ ನಾಯಿ ಎರಡು ಅಲ್ಲಿಗೇ ಓಡಿದವು,
ಒಡೆಯರು ಬೆಲ್ಟು ಹಿಡಕೊಂಡು ಹಿಂದಿಂದ.
ನಮ್ಮದು ಕಲ್ಲಿನ ಬಸವನಂಗ ಕುಂತಿತ್ತು.
"ಮರ್ದಾನಸಾಬ, ಗೆದ್ದಂಗ ಬಿಡು" ಅಂತ ರಾಯರು ಹೆಗಲು ತಟ್ಟಿದರು.

ಢಮ್.
ಚೀಲ ಹಾರಿ, ಜಾಲಿ ಕಂಟಿ ಹಿಂದ ಬಿತ್ತು.
ಬಯಲಿಗೆ ಬಯಲೇ ಆ ಕಡೆ ನೋಡಿತು.
ನವಣಿ ನನ್ನ ನೋಡತಿತ್ತು.

"ತಾ" ಅಂದೆ. ಓಡಿತು, ನೆಟ್ಟಗ, ಮೂವತ್ತು ಹೆಜ್ಜಿ.
ನಿಂತಿತು. ಹೊಳ್ಳಿ ನನ್ನ ಮಾರಿ ನೋಡಿತು:
ಎಲ್ಲಿ?
ಕೈ ಮಾಡಿ ತೋರಿಸೂವಂಗಿಲ್ಲ, ಅದು ನಿಯಮ.
ಅಷ್ಟು ದೂರದಿಂದ ಅದರ ಕಣ್ಣು ಕಂಡವು ಅಂದ್ರ
ನೀವು ನಂಬೂದಿಲ್ಲ.
"ಚಲೋ ಕುಂದ್ರತೈತಿ" ಅಂತಷ್ಟೇ ಟೋಪಿ ಹಾಕ್ಕೊಂಡ ಜಡ್ಜ್ ಅಂದರು.
ದಾರಿಗುಂಟ ಜೀಪಿನಾಗ ರಾಯರು ಮಾತಾಡಲಿಲ್ಲ.
ನವಣಿ ನನ್ನ ತೊಡಿ ಮ್ಯಾಲ ಗದ್ದ ಇಟ್ಟು,
ಮತ್ತ ಅದೇ, ಮಾರಿ.

ಈಗ ನಾನು ಅದರ ಬೆನ್ನಿಗೆ ಕುಂದ್ರತೀನಿ.
ಹೊಳ್ಳಿದ್ರ ಕಿಸೆ ಖಾಲಿ, ಮಾರಿ ಮ್ಯಾಲ ಟವಲ್.
ನೋಡಬ್ಯಾಡ ಅಂತ ಕಲಿಸೂದು
ನೋಡು ಅಂತ ಕಲಿಸಿದಷ್ಟು ಸಸಾರಲ್ಲ.
ಟವಲಿನ ಒಳಗ ನನಗೂ ಉಸಿರು ಕಟ್ಟತೈತಿ.

ನಿನ್ನೆ ಸಂಜಿ ಖಾಸೀಂಬಿ ತೋಳು ಬೀಸಿದಳು.
ಟವಲಿನ ತೂತಿನಾಗಿಂದ ಕಂಡೆ:
ಎರಡೂ ಕಿವಿ ಮುಂದಕ್ಕ, ಕತ್ತಿನ ಕೂದಲು ನೆಟ್ಟಗ,
ಹಿಂದ ಒಬ್ಬ ಮನಷ್ಯಾ ಅದಾನಂತ ಅದಕ್ಕ ಮರತೇ ಹೋಗಿತ್ತು.
"ತಾ" ಅನ್ನೂಕಿಂತ ಮೊದಲೇ ಜಿಗೀತು. ತಪ್ಪು.
ಕಚ್ಚಿಕೊಂಡು ಬಂದು ನನ್ನ ದಾಟಿ
ಖಾಸೀಂಬಿ ಪಾದದ ಹತ್ತರ ಇಟ್ಟಿತು. ಅದೂ ತಪ್ಪು.
ಬೈಬೇಕಿತ್ತು.
ಆಕಿ ಆ ಖಾಕಿ ಕಾಲು ಎತ್ತಿ, ಜೊಲ್ಲು ಒರಸಿ,
ನನ್ನ ಕಡೆ ನೋಡಿ ಏನೂ ಅನ್ನಲಿಲ್ಲ.

ಗೇಜಿನ ಹತ್ತರ ಹೋದಾಗ ಆರೂ ಇಪ್ಪತ್ತು.
ವಹಿಯಾಗ ಆರು ಅಂತ ಬರದೆ.